ಹದಿನಾರು ಅಡಿ ಶೆಡ್ಡಿಗೆ ವಾಟ ಎಷ್ಟು ಕೊಡಬೇಕು?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಮನೆಯ ಹಿಂದೆ, ದಕ್ಷಿಣದ ಹಿತ್ತಲಿನಲ್ಲಿ ನಾಲ್ಕು ಹಸು ಕಟ್ಟಲು ಮತ್ತು ಒಣಹುಲ್ಲು ಇಡಲು 30 ಅಡಿ ಉದ್ದ, 16 ಅಡಿ ಅಗಲದ ಶೆಡ್ಡು ಹಾಕಿಸಬೇಕೆಂದಿದ್ದೇನೆ. ಮನೆಯ ಹಿಂಗೋಡೆಯ ಕಡೆ ಎತ್ತರ, ಅಲ್ಲಿಂದ ಹಿತ್ತಲ ಕಡೆಗೆ ಒಂದೇ ವಾಟ, ಅಂದರೆ ಇಳಿಜಾರು. ತಾರಸಿ ನೀರಿನ ಪೈಪು ಹತ್ತೂವರೆ ಅಡಿ ಎತ್ತರದಲ್ಲಿದೆ, ಶೀಟು ಅದರ ಕೆಳಗೇ ಬರಬೇಕು. ವೆಲ್ಡಿಂಗ್‌ನವರು ಒಂದಡಿ ಇಳಿಸಿದರೆ ಧಾರಾಳ ಅನ್ನುತ್ತಾರೆ. ಗಾರೆ ಮೇಸ್ತ್ರಿ ಮೂರಡಿ ಇಲ್ಲದಿದ್ದರೆ ಸೋರುತ್ತೆ ಅನ್ನುತ್ತಾರೆ. ಶೀಟಿನ ಅಂಗಡಿಯವರು 'ಹತ್ತು ಇರಲಿ' ಅಂದರು. ಯಾರ ಮಾತು ಕೇಳಲಿ? ಹಿತ್ತಲ ನೆಲವೂ ನಮ್ಮ ಮನೆ ಕಡೆಗೇ ಇಳಿದಿದೆ, ಸುಮಾರು ಒಂಬತ್ತು ಇಂಚು. ಕಲರ್ ಶೀಟು ಒಳ್ಳೆಯದೋ ಸಿಮೆಂಟ್ ಶೀಟೋ? 16 ಅಡಿ ಶೀಟು ತಂದರೆ ಸಾಕೇ? ಮುಂದೆ ಎಂದಾದರೂ ಇನ್ನಾರು ಅಡಿ ಮುಂದಕ್ಕೆ ಎಳೆಯಬಹುದೇ?

ಉತ್ತರ: ನಿಮ್ಮ ಜಾಗಕ್ಕೆ ಇಳಿತ ಎರಡೂವರೆ ಅಡಿ, ಶೀಟು ಕಲರ್ ಶೀಟು. ಗೋಡೆಯ ಕಡೆ ಶೀಟಿನ ತಳ 10 ಅಡಿ, ಮುಂಗಂಬದ ಮೇಲೆ ಏಳೂವರೆ ಅಡಿ. ಈ ಅಂಕಿ ಬಂದ ದಾರಿಯನ್ನು ಪೂರ್ತಿ ಹೇಳುತ್ತೇನೆ. ಅಳತೆ ಬೇರೆ ಇರುವವರೂ ಅದೇ ದಾರಿಯಲ್ಲಿ ತಮ್ಮ ಲೆಕ್ಕ ಹಾಕಿಕೊಳ್ಳಬಹುದು.

ಮೊದಲು ಅಂಗಡಿಯವರ 'ಹತ್ತು' ಏನೆಂದು ಬಿಡಿಸಿಕೊಳ್ಳಬೇಕು. ಹತ್ತು ಡಿಗ್ರಿಯೋ, ನೂರಕ್ಕೆ ಹತ್ತೋ? ಎರಡೂ ಒಂದೇ ಅಂದುಕೊಂಡು ಮೋಸ ಹೋಗುವವರು ಬಹಳ. ನೂರಕ್ಕೆ ಹತ್ತು ಅಂದರೆ ಹತ್ತಡಿ ಅಡ್ಡ ಹೋದಾಗ ಒಂದಡಿ ಇಳಿತ. ನಿಮ್ಮ ಹದಿನಾರು ಅಡಿಗೆ ಅದು ಒಂದಡಿ ಏಳಿಂಚು. ಹತ್ತು ಡಿಗ್ರಿ ಅಂದರೆ ಅದೇ ಹದಿನಾರು ಅಡಿಗೆ ಎರಡಡಿ ಹತ್ತಿಂಚು. ಒಂದೇ ಮಾತಿನಲ್ಲಿ ಒಂದೂಕಾಲು ಅಡಿ ವ್ಯತ್ಯಾಸ! ಆದ್ದರಿಂದ ಕೆಲಸದವರ ಹತ್ತಿರ ಡಿಗ್ರಿ, ಶೇಕಡಾ ಎರಡನ್ನೂ ಬಿಟ್ಟು 'ಅಡಿಗೆ ಎಷ್ಟು ಇಂಚು' ಅಂತಲೇ ಮಾತಾಡಿ. ಐದು ಡಿಗ್ರಿ ಅಂದರೆ ಹೆಚ್ಚುಕಡಿಮೆ ಅಡಿಗೊಂದು ಇಂಚು. ಹತ್ತು ಡಿಗ್ರಿಗೆ ಅಡಿಗೆ ಎರಡಿಂಚು ಚಿಲ್ಲರೆ, ಹದಿನೈದಕ್ಕೆ ಮೂರೂಕಾಲು. ಇಪ್ಪತ್ತು ಡಿಗ್ರಿ ದಾಟಿದ ಮೇಲೆ ಈ ಸುಲಭದ ಲೆಕ್ಕ ಸ್ವಲ್ಪ ಸ್ವಲ್ಪ ತಪ್ಪುತ್ತಾ ಹೋಗುತ್ತದೆ, ಮೂವತ್ತಕ್ಕೆ ಅಡಿಗೆ ಸುಮಾರು ಏಳಿಂಚು ಬೇಕು. ಶೀಟಿನ ಶೆಡ್ಡಿಗೆ ಅಷ್ಟು ದೂರ ಹೋಗುವ ಪ್ರಮೇಯವೇ ಬರುವುದಿಲ್ಲ.

ಎಷ್ಟು ವಾಟ ಬೇಕು ಅನ್ನುವುದನ್ನು ಮೊದಲು ತೀರ್ಮಾನಿಸುವುದು ಶೀಟು. ಮಂಗಳೂರು ಹೆಂಚಿಗೆ ಎರಡಡಿಗೆ ಒಂದಡಿಯಾದರೂ ಇಳಿತ ಇರಬೇಕು. ಹೆಂಚು ಚಿಕ್ಕದು, ಸಂದು ನೂರಾರು, ನೀರು ನಿಧಾನಿಸಿದರೆ ಯಾವುದಾದರೊಂದು ಸಂದಿನಲ್ಲಿ ಒಳಗಿಳಿಯುತ್ತದೆ. ಸುಕ್ಕಿನ ಸಿಮೆಂಟ್ ಶೀಟಿಗೆ ಸಾಮಾನ್ಯವಾಗಿ ಹೇಳುವುದು 18 ಡಿಗ್ರಿ, ಅಂದರೆ ಮೂರಡಿಗೆ ಒಂದಡಿ. ಸ್ಕ್ರೂ ಹೊಡೆದು ಕೂರಿಸುವ ಕಲರ್ ಶೀಟು ಉದ್ದುದ್ದ ಬರುತ್ತದೆ, ಸಂದು ಕಡಿಮೆ, ಮೈ ನುಣುಪು. ಅದಕ್ಕೆ ಐದು ಡಿಗ್ರಿ ಕನಿಷ್ಠ, ಅಂದರೆ ಅಡಿಗೊಂದು ಇಂಚು. ಕನಿಷ್ಠ ಅಂದರೆ ಅದಕ್ಕಿಂತ ಕೆಳಗೆ ಇಳಿಯಬಾರದ ಗೆರೆ, ಅಲ್ಲಿಗೇ ನಿಲ್ಲಿಸಿ ಅಂತಲ್ಲ.

ಈಗ ವೆಲ್ಡಿಂಗ್‌ನವರ ಒಂದಡಿಯನ್ನು ನೋಡೋಣ. ಹದಿನಾರಕ್ಕೆ ಒಂದಡಿ ಅಂದರೆ ಅಡಿಗೆ ಮುಕ್ಕಾಲು ಇಂಚು, ಮೂರೂವರೆ ಡಿಗ್ರಿ. ನೀರು ಹರಿಯುವುದಿಲ್ಲವೇ? ಹರಿಯುತ್ತದೆ. ಸುಮ್ಮನೆ ನೇರವಾಗಿ ಬೀಳುವ ಮಳೆಗೆ ಆ ಶೆಡ್ಡು ಸೋರುವುದೂ ಇಲ್ಲ, ಅದಕ್ಕೇ ಅವರು ಅಷ್ಟು ಧೈರ್ಯವಾಗಿ ಹೇಳುವುದು. ಕಷ್ಟ ಬರುವುದು ಮಳೆಯ ಜೊತೆ ಗಾಳಿ ಸೇರಿದಾಗ. ಉದ್ದುದ್ದಕ್ಕೆ ಎರಡು ಶೀಟು ಸೇರುವ ಕಡೆ ಮೇಲಿನದು ಕೆಳಗಿನದರ ಮೇಲೆ ಆರಿಂಚು ಹತ್ತಿ ಕೂತಿದೆ ಅನ್ನಿ. ಅಡಿಗೆ ಮುಕ್ಕಾಲಿಂಚಿನ ವಾಟದಲ್ಲಿ ಆ ಆರಿಂಚಿನ ತುದಿಯಿಂದ ತುದಿಗೆ ಎತ್ತರದ ವ್ಯತ್ಯಾಸ ಮುಕ್ಕಾಲಿನರ್ಧ, ಅಂದರೆ ಹತ್ತು ಮಿಲಿಮೀಟರೂ ಪೂರ್ತಿ ಇಲ್ಲ. ಗಂಟೆಗೆ 54 ಕಿಲೋಮೀಟರ್ ವೇಗದ ಗಾಳಿ ಎದುರಿಗೆ ಬಂದರೆ ಅದು ನೀರನ್ನು ಸುಮಾರು 14 ಮಿಲಿಮೀಟರ್ ಎತ್ತರಕ್ಕೆ ನೂಕಬಲ್ಲದು. ಅಂದರೆ ಇಳಿಯಬೇಕಾದ ನೀರು ಸಂದಿನೊಳಗೆ ಹಿಂದಕ್ಕೆ ಹತ್ತಿ ಆ ಕಡೆಯಿಂದ ಹುಲ್ಲಿನ ಮೇಲೆ ತೊಟ್ಟಿಕ್ಕುತ್ತದೆ. ನಮ್ಮ ಕಡೆ ಮೇ ತಿಂಗಳ ಗುಡುಗು ಮಳೆಯಲ್ಲಿ ಆ ವೇಗದ ಗಾಳಿ ಅಪರೂಪವೇನಲ್ಲ.

ಅದೇ ಎರಡೂವರೆ ಅಡಿ ಇಳಿತಕ್ಕೆ, ಒಂಬತ್ತಿಂಚು ಹತ್ತಿಸಿದ ಸಂದಿನಲ್ಲಿ ವ್ಯತ್ಯಾಸ ಒಂದೂ ಕಾಲಿಂಚು ಮೀರುತ್ತದೆ, ಸುಮಾರು 35 ಮಿಲಿಮೀಟರ್. ಅಷ್ಟು ಎತ್ತರಕ್ಕೆ ನೀರನ್ನು ನೂಕಬೇಕಾದರೆ ಗಾಳಿ ಗಂಟೆಗೆ 85 ಕಿಲೋಮೀಟರ್ ದಾಟಬೇಕು. ಇದು ಒರಟು ಲೆಕ್ಕವೇ, ಆದರೂ ಒಂದಡಿಗೂ ಎರಡೂವರೆ ಅಡಿಗೂ ಇರುವ ಅಂತರ ಎಂಥದ್ದು ಅಂತ ಇದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಕಾರಣ ಕಸ. ಮಂಡ್ಯ ಸೀಮೆಯಲ್ಲಿ ಊರಿಗೊಂದು ಆಲೆಮನೆ ಇದ್ದೇ ಇರುತ್ತದೆ, ಗಾಳಿ ಬೀಸಿದ ಕಡೆ ರಚ್ಚಿನ (ರಸ ಹಿಂಡಿದ ಕಬ್ಬಿನ ಸಿಪ್ಪೆಯ) ಬೂದಿ ಹಾರಿಬರುತ್ತದೆ. ಅದರ ಜೊತೆ ಹುಣಸೆ ಎಲೆ, ಹೊಂಗೆ ಎಲೆ. ಚಪ್ಪಟೆ ಚಾವಣಿಯಲ್ಲಿ ಇವೆಲ್ಲ ಶೀಟಿನ ಕಾಲುವೆಯೊಳಗೆ ಸ್ಕ್ರೂಗಳ ಬುಡದಲ್ಲಿ ನಿಂತು, ನೆನೆದು, ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತವೆ. ತುಕ್ಕು ಶುರುವಾಗುವುದು ಅಲ್ಲಿ. ಅಡಿಗೆ ಎರಡಿಂಚಿನ ಹತ್ತಿರ ವಾಟ ಇದ್ದರೆ ಒಂದು ಜೋರು ಮಳೆಗೆ ಇವೆಲ್ಲ ತಾವಾಗಿ ತೊಳೆದುಹೋಗುತ್ತವೆ.

ಶೀಟು ಕೇಳುವುದೆಷ್ಟು ಅಂತಾಯಿತು. ಜಾಗ ಕೊಡುವುದೆಷ್ಟು? ಇಲ್ಲಿ ಎರಡು ತುದಿಗಳನ್ನು ಮೊದಲು ಕಟ್ಟಿಹಾಕಬೇಕು. ಮೇಲಿನ ತುದಿ ನಿಮ್ಮ ತಾರಸಿ ಪೈಪು, ಹತ್ತೂವರೆ ಅಡಿ. ಅದರ ಕೆಳಗೆ ಶೀಟಿನ ದಪ್ಪ, ಗೋಡೆಗೂ ಶೀಟಿಗೂ ನಡುವಿನ ತಗಡಿನ ಪಟ್ಟಿ, ಕೈಯಾಡಲು ಜಾಗ ಎಲ್ಲ ಸೇರಿ ಅರ್ಧ ಅಡಿ ಬಿಡಿ. ಉಳಿದದ್ದು 10 ಅಡಿ. ಕೆಳಗಿನ ತುದಿಯಲ್ಲಿ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವರು ಬಗ್ಗದೆ ಒಳಗೆ ಬರಬೇಕು, ಹಸುಗಳಿಗೆ ಬಿಸಿ ತಟ್ಟಬಾರದು. ಶೀಟು ಏಳೂವರೆ ಅಡಿಗಿಂತ ಕೆಳಗೆ ಬಂದರೆ ಏಪ್ರಿಲ್ ತಿಂಗಳಲ್ಲಿ ಒಳಗೆ ನಿಲ್ಲಲಾಗುವುದಿಲ್ಲ. ಹತ್ತರಲ್ಲಿ ಏಳೂವರೆ ಕಳೆದರೆ ಎರಡೂವರೆ. ಹದಿನಾರು ಅಡಿಗೆ ಎರಡೂವರೆ ಅಂದರೆ ಅಡಿಗೆ ಎರಡಿಂಚಿಗೆ ಕೂದಲೆಳೆ ಕಡಿಮೆ, ಸುಮಾರು ಒಂಬತ್ತು ಡಿಗ್ರಿ. ಕಲರ್ ಶೀಟಿನ ಕನಿಷ್ಠಕ್ಕಿಂತ ಚೆನ್ನಾಗಿಯೇ ಮೇಲಿದೆ, ಮುಗಿಯಿತು. ಮೇಸ್ತ್ರಿಯ ಮೂರಡಿಯೂ ತಪ್ಪಲ್ಲ, ಆದರೆ ಅದಕ್ಕೆ ಮುಂಭಾಗ ಏಳಡಿಗೆ ಇಳಿಯಬೇಕು. ಅರ್ಧ ಅಡಿ ವಾಟಕ್ಕಿಂತ ಆ ಅರ್ಧ ಅಡಿ ಗಾಳಿಯಾಡುವ ಜಾಗ ನಿಮಗೆ ಹೆಚ್ಚು ಬೇಕು.

ಸಿಮೆಂಟ್ ಶೀಟಿನ ಪ್ರಶ್ನೆಗೂ ಇಲ್ಲೇ ಉತ್ತರ ಬಂತು. ಮೂರಕ್ಕೊಂದು ಅಂದರೆ ಹದಿನಾರು ಅಡಿಗೆ ಐದಡಿ ನಾಲ್ಕಿಂಚು ಇಳಿಯಬೇಕು. ಗೋಡೆಯ ಕಡೆ ಹತ್ತಿದ್ದರೆ ಮುಂದೆ ಉಳಿಯುವುದು ನಾಲ್ಕಡಿ ಎಂಟಿಂಚು. ಕುರಿ ಕಟ್ಟಬಹುದು, ಹಸು ಕಟ್ಟಲಾಗದು. ಎಷ್ಟೋ ಜನ ಸಿಮೆಂಟ್ ಶೀಟನ್ನೂ ಎರಡಡಿ ಇಳಿತದಲ್ಲಿ ಹಾಕಿಸಿ ಆಮೇಲೆ ಸಂದಿಗೆಲ್ಲ ಟಾರು ಬಳಿಯುತ್ತಾ ಕೂರುತ್ತಾರೆ. ಅದು ತಂಪು ನಿಜ, ಮಳೆ ಸದ್ದೂ ಕಡಿಮೆ. ಆದರೆ ಹಿತ್ತಲಿನಲ್ಲಿ ತೆಂಗಿನ ಮರ ಇದ್ದರೆ ಒಂದು ಕಾಯಿ ಬಿದ್ದರೂ ಬಿರುಕು. ಹಳೆಯ ಕಲ್ನಾರಿನ (ಆಸ್ಬೆಸ್ಟಾಸ್) ಶೀಟಾದರೆ ಗರಗಸದಲ್ಲಿ ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಯಾರೋ ಕಡಿಮೆ ಬೆಲೆಗೆ ಹಳೆಯದು ಕೊಡುತ್ತೇನೆಂದರೂ ಬೇಡ ಅನ್ನಿ.

ಇನ್ನು ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ, ನೀವು ಬರಿ ಒಂದು ಸಾಲಿನಲ್ಲಿ ಬರೆದು ಬಿಟ್ಟ ವಿಷಯ: ಹಿತ್ತಲು ಮನೆ ಕಡೆಗೇ ಒಂಬತ್ತಿಂಚು ಇಳಿದಿದೆ. ಶೆಡ್ಡುಗಳ ವಾಟ ಕೆಡುವುದು ಹೆಚ್ಚಾಗಿ ಲೆಕ್ಕದಲ್ಲಲ್ಲ, ನೆಲದಲ್ಲಿ. ಗೋಡೆಯ ಬುಡದಿಂದ ಟೇಪು ಹಿಡಿದು ಹತ್ತಡಿಗೆ ಗುರುತು ಹಾಕುತ್ತಾರೆ, ಮುಂಗಂಬವನ್ನು ಅದು ನಿಂತ ನೆಲದಿಂದ ಏಳೂವರೆ ಅಡಿಗೆ ಕೊಯ್ಯುತ್ತಾರೆ. ಕಾಗದದಲ್ಲಿ ಎರಡೂವರೆ ಅಡಿ ಇಳಿತ. ಆದರೆ ಮುಂಗಂಬದ ನೆಲವೇ ಒಂಬತ್ತಿಂಚು ಮೇಲಿದೆ, ಹಾಗಾಗಿ ನಿಜವಾದ ಇಳಿತ ಒಂದಡಿ ಒಂಬತ್ತಿಂಚು. ಮುಂದಿನ ನೆಲ ಒಂದೂವರೆ ಅಡಿ ಎತ್ತರವಿದ್ದಿದ್ದರೆ ಯಾರಿಗೂ ಗೊತ್ತಾಗದೆ ವೆಲ್ಡಿಂಗ್‌ನವರ ಒಂದಡಿಗೇ ಬಂದು ನಿಲ್ಲುತ್ತಿದ್ದಿರಿ.

ಆದ್ದರಿಂದ ನೆಲವನ್ನು ಮರೆತುಬಿಡಿ, ನೀರುಮಟ್ಟ ಹಿಡಿಯಿರಿ. ಗಾರೆಯವರ ಹತ್ತಿರ ಇರುವ ಪಾರದರ್ಶಕ ಪೈಪು ಸಾಕು, ಇಪ್ಪತ್ತೈದು ಮೂವತ್ತಡಿ ಉದ್ದದ್ದು. ಒಂದು ತುದಿಯನ್ನು ಬಕೆಟ್ಟಿನ ನೀರಿಗೆ ಬಿಟ್ಟು ಇನ್ನೊಂದು ತುದಿಯಿಂದ ಎಳೆದರೆ ನೀರು ತುಂಬುತ್ತದೆ. ಪೈಪನ್ನು ಪೂರ್ತಿ ಕಣ್ಣಾಡಿಸಿ, ಎಲ್ಲಾದರೂ ಗಾಳಿಗುಳ್ಳೆ ಸಿಕ್ಕಿಕೊಂಡಿದೆಯೇ ನೋಡಿ. ಒಂದು ಗುಳ್ಳೆ ಇದ್ದರೂ ಎರಡು ತುದಿಯ ನೀರು ಒಂದೇ ಮಟ್ಟಕ್ಕೆ ಬರುವುದಿಲ್ಲ. ಎರಡು ತುದಿಗಳನ್ನೂ ಅಕ್ಕಪಕ್ಕ ಹಿಡಿದು ನೀರು ಸಮ ನಿಂತಿತೇ ಅಂತ ಪರೀಕ್ಷಿಸಿಯೇ ಕೆಲಸ ಶುರುಮಾಡಿ. ಅಳೆಯುವಾಗ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟಿರಬಾರದು, ಎರಡೂ ಕಡೆ ತೆರೆದಿರಬೇಕು. ಬಿಸಿಲಿನಲ್ಲಿ ನೀರಿನ ಗೆರೆ ಕಾಣದಿದ್ದರೆ ಒಂದು ಚಿಟಿಕೆ ಬಟ್ಟೆಯ ನೀಲಿ ಹಾಕಿ.

ಗೋಡೆಯ ಬುಡದಿಂದ ಮೂರಡಿ ಎತ್ತರಕ್ಕೆ ಒಂದು ಗೆರೆ ಎಳೆಯಿರಿ. ಅದೇ ಮಟ್ಟವನ್ನು ಪೈಪಿನಿಂದ ನಾಲ್ಕೂ ಮುಂಗಂಬಗಳ ಜಾಗದಲ್ಲಿ ನೆಟ್ಟ ಗೂಟಗಳ ಮೇಲೆ ಗುರುತಿಸಿ. ಇನ್ನು ಮೇಲೆ ಎಲ್ಲ ಅಳತೆಯೂ ಈ ಗೆರೆಯಿಂದಲೇ. ಗೋಡೆಯ ಕಡೆ ಗೆರೆಯಿಂದ ಏಳಡಿ ಮೇಲಕ್ಕೆ ಶೀಟಿನ ತಳ, ಮುಂದೆ ಗೆರೆಯಿಂದ ನಾಲ್ಕೂವರೆ ಅಡಿ ಮೇಲಕ್ಕೆ. ಕಂಬದ ಬುಡದಲ್ಲಿ ಗುಂಡಿ ಇರಲಿ, ದಿಬ್ಬ ಇರಲಿ, ಲೆಕ್ಕ ಕೆಡುವುದಿಲ್ಲ.

ಕಂಬ ಕೊಯ್ಯುವಾಗ ಒಂದು ಮಾತು ನೆನಪಿಡಿ. ನಾನು ಹೇಳಿದ್ದು ಶೀಟಿನ ತಳದ ಎತ್ತರ, ಕಂಬದ ತಲೆಯದಲ್ಲ. ಕಂಬದ ಮೇಲೆ ಇಳಿಜಾರಿನ ಉದ್ದಕ್ಕೆ ಮೂರಿಂಚಿನ ಪೈಪು, ಅದರ ಮೇಲೆ ಅಡ್ಡಕ್ಕೆ ಎರಡಿಂಚಿನ ಪೈಪು ಬಂದರೆ ಐದಿಂಚು ಅಲ್ಲೇ ಹೋಯಿತು. ಹಾಗಾದರೆ ಹಿಂಗಂಬದ ತಲೆ 9 ಅಡಿ 7 ಇಂಚಿಗೆ, ಮುಂಗಂಬದ ತಲೆ 7 ಅಡಿ 1 ಇಂಚಿಗೆ. ಎರಡೂ ಕಡೆ ಸಮನಾಗಿ ಕಳೆದರೆ ಇಳಿತ ಎರಡೂವರೆ ಅಡಿಯೇ ಉಳಿಯುತ್ತದೆ. ಒಂದು ಕಡೆ ಕಳೆದು ಇನ್ನೊಂದು ಕಡೆ ಮರೆತರೆ ಐದಿಂಚು ವಾಟ ಹೋಯಿತು ಅಥವಾ ಬಂತು.

ಇನ್ನು ನೆಲ. ಮನೆ ಕಡೆಗೆ ಇಳಿದ ನೆಲದಲ್ಲಿ ಕೊಟ್ಟಿಗೆ ಮಾಡಿದರೆ ಗಂಜಲ ನಿಮ್ಮ ಹಿಂಗೋಡೆಯ ಪಾಯಕ್ಕೇ ಹೋಗುತ್ತದೆ. ಮುಂದಿನ ಮಣ್ಣನ್ನು ಹೇಗೂ ತೆಗೆಸಲೇಬೇಕು. ಗೋಡೆಯ ಬುಡವನ್ನು ಸೊನ್ನೆ ಮಾಡಿಕೊಂಡು ಮುಂದಕ್ಕೆ ಅಡಿಗೆ ಕಾಲಿಂಚಿನಂತೆ ಕಾಂಕ್ರೀಟ್ ನೆಲ ಇಳಿಸಿ, ಹದಿನಾರು ಅಡಿಗೆ ನಾಲ್ಕಿಂಚು. ತೊಳೆದ ನೀರು ಮುಂದಿನ ಚರಂಡಿಗೆ ಹೋಗಲು ಇಷ್ಟು ಸಾಕು, ಹಸು ಜಾರುವಷ್ಟೂ ಅಲ್ಲ. ಹೀಗೆ ಮಾಡಿದರೆ ಮುಂಗಂಬದ ಹತ್ತಿರ ನೆಲದಿಂದ ಶೀಟಿಗೆ ಏಳಡಿ ಹತ್ತಿಂಚು ಸಿಗುತ್ತದೆ. ನೆಲದ ಮೇಲೆ ಕಂಬ ಏಳಡಿ ಐದಿಂಚು, ಹೂಳುವುದು ಎರಡೂಕಾಲು ಎರಡೂವರೆ ಅಡಿ. 6 ಮೀಟರಿನ ಒಂದು ಪೈಪನ್ನು ನಡುವೆ ಕೊಯ್ದರೆ ಎರಡು ಮುಂಗಂಬ, ತುಂಡು ಉಳಿಯುವುದಿಲ್ಲ.

ಹಿಂದಿನ ಕಂಬಗಳನ್ನೂ ಗೋಡೆಗೆ ತಾಗಿಸಿ ನೆಲದಿಂದಲೇ ಎಬ್ಬಿಸಿ. ಗೋಡೆಗೆ ಬೋಲ್ಟು ಹೊಡೆದು ಶೆಡ್ಡನ್ನು ಮನೆಗೆ ನೇತುಹಾಕುವ ಉಳಿತಾಯ ನನಗೆ ಒಪ್ಪಿಗೆಯಿಲ್ಲ. ಕಾರಣ ಗಾಳಿ. ಭಾರತೀಯ ಮಾನಕ ಸಂಸ್ಥೆಯ ಗಾಳಿ ನಕ್ಷೆಯಲ್ಲಿ ಮೈಸೂರು-ಮಂಡ್ಯ ಸೀಮೆ ಸೆಕೆಂಡಿಗೆ 33 ಮೀಟರ್ ವಲಯಕ್ಕೆ ಸೇರಿದೆ, ಗಂಟೆಗೆ ಸುಮಾರು 119 ಕಿಲೋಮೀಟರ್. ದೇಶದಲ್ಲಿ ಇದೇ ಅತಿ ಕಡಿಮೆಯ ವಲಯ. ಆದರೂ ಆ ವೇಗಕ್ಕೆ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 66 ಕೆ.ಜಿ. ಅರ್ಧ ಮಿಲಿಮೀಟರ್ ದಪ್ಪದ ಶೀಟಿನ ತೂಕ ಅದೇ ಚದರ ಮೀಟರಿಗೆ ಬರೀ 5 ಕೆ.ಜಿ. ಆಸುಪಾಸು. ಮೂರು ಕಡೆ ತೆರೆದು ಹಿಂದೆ ಮಾತ್ರ ಗೋಡೆ ಇರುವ ನಿಮ್ಮ ಶೆಡ್ಡು ದಕ್ಷಿಣದ ಗಾಳಿಗೆ ಬಾಯ್ತೆರೆದ ಚೀಲದ ಹಾಗೆ: ಒಳಗೆ ನುಗ್ಗಿದ್ದು ಹೊರಹೋಗಲು ದಾರಿಯಿಲ್ಲದೆ ಶೀಟನ್ನು ಮೇಲಕ್ಕೆ ಎತ್ತುತ್ತದೆ, ಮೇಲಿನ ಗಾಳಿ ಹೊರಗಿನಿಂದ ಹೀರುತ್ತದೆ. ನಿಮ್ಮ ಚಾವಣಿ ಸುಮಾರು 47 ಚದರ ಮೀಟರ್. ಎತ್ತುವ ಬಲ ಮೂರು ಟನ್ನಿನ ಮಟ್ಟಕ್ಕೆ ಹೋಗಬಹುದು. ಒಂದೂವರೆ ಅಡಿ ಚೌಕ, ಎರಡೂವರೆ ಅಡಿ ಆಳದ ಕಾಂಕ್ರೀಟ್ ಗುಂಡಿ ಒಂದರ ತೂಕ ಸುಮಾರು 380 ಕೆ.ಜಿ. ಎಂಟು ಕಂಬಕ್ಕೆ ಎಂಟು ಗುಂಡಿ ಅಂದರೆ ಮೂರು ಟನ್ನು. ಲೆಕ್ಕ ಸರಿಹೋಗುವುದು ಹೀಗೆ. ನಾಲ್ಕು ಕಂಬ ಉಳಿಸಿ, ಗುಂಡಿಯನ್ನು ಒಂದಡಿಗೆ ಇಳಿಸಿದರೆ ಹೋಗುವುದು ಶೀಟು ಮಾತ್ರವಲ್ಲ, ಚೌಕಟ್ಟೂ ಜೊತೆಗೇ ಪಕ್ಕದ ಗದ್ದೆಗೆ ಹೋಗುತ್ತದೆ.

ವಾಟ ಹೆಚ್ಚಿಸಿದರೆ ಗಾಳಿಗೆ ಗಟ್ಟಿಯಾಗುತ್ತದೆಯೇ ಅಂತ ಕೆಲವರು ಕೇಳುತ್ತಾರೆ. ಈ ಐದರಿಂದ ಹನ್ನೆರಡು ಡಿಗ್ರಿಯೊಳಗೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಶೀಟನ್ನು ಹಿಡಿದಿಡುವುದು ಸ್ಕ್ರೂ ಮತ್ತು ಪೈಪು. ಅಡ್ಡ ಪೈಪುಗಳನ್ನು ನಾಲ್ಕಡಿಗೊಂದರಂತೆ ಇಟ್ಟರೆ ಐದು ಸಾಲು ಆಗುತ್ತದೆ. ಗಾಳಿ ಮೊದಲು ಕೈಹಾಕುವುದು ಅಂಚಿಗೆ, ಹಾಗಾಗಿ ಮುಂದಿನ ಸೂರಿನ ಸಾಲು ಮತ್ತು ಎರಡು ಪಕ್ಕದ ಅಂಚುಗಳಲ್ಲಿ ಶೀಟಿನ ಪ್ರತಿ ಏರುಗೆರೆಗೂ ಸ್ಕ್ರೂ ಇರಲಿ, ನಡುವೆ ಒಂದು ಬಿಟ್ಟು ಒಂದು ನಡೆಯುತ್ತದೆ. ಸ್ಕ್ರೂ ಏರುಗೆರೆಯ ಮೇಲೆ ಬರಲಿ, ನೀರು ಹರಿಯುವ ತಗ್ಗಿನಲ್ಲಿ ಬೇಡ. ರಬ್ಬರ್ ವಾಷರ್ ಸ್ವಲ್ಪ ಉಬ್ಬಿದೊಡನೆ ಮೆಷಿನ್ ನಿಲ್ಲಿಸಬೇಕು. ಚಪ್ಪಟೆಯಾಗಿ ಅಪ್ಪಚ್ಚಿಯಾಗುವ ತನಕ ಬಿಗಿದರೆ ಎರಡು ಬೇಸಿಗೆಗೆ ಸೀಳುತ್ತದೆ. ಈ ಒಂದು ಕೆಲಸ ಆಗುವಾಗ ನೀವು ಅಲ್ಲೇ ನಿಂತಿರಿ.

ಈಗ ಶೀಟಿನ ಉದ್ದ. 16 ಅಡಿ ಸಾಲದು. ಅಗಲ ಹದಿನಾರು ಅನ್ನುವುದು ನೆಲದ ಮೇಲಿನ ಅಳತೆ, ಶೀಟು ಮಲಗುವುದು ಇಳಿಜಾರಿನ ಮೇಲೆ. ನಿಮ್ಮ ವಾಟಕ್ಕೆ ಇಳಿಜಾರಿನ ಉದ್ದ ನೆಲದ ಅಳತೆಗಿಂತ ನೂರಕ್ಕೆ ಒಂದೂಕಾಲು ಹೆಚ್ಚು. ನಾಲ್ಕಡಿಗೆ ಒಂದಡಿ ಇಳಿಸುವವರಿಗೆ ನೂರಕ್ಕೆ ಮೂರು, ಮೂರಕ್ಕೊಂದಾದರೆ ಐದೂವರೆ ಹೆಚ್ಚು. ಇದಕ್ಕಿಂತ ಮುಖ್ಯ ಮುಂದಿನ ಸೂರು. ಕಂಬದಿಂದ ಆಚೆ ಒಂದಡಿಯಾದರೂ ಶೀಟು ಚಾಚಿರಬೇಕು, ಇಲ್ಲದಿದ್ದರೆ ನೀರು ಪೈಪಿನ ಮೈಮೇಲೆ ಇಳಿದು ಕಂಬದ ಬುಡ ತಿನ್ನುತ್ತದೆ. ಒಂದಡಿ ಸೂರು ಸೇರಿಸಿದರೆ ಅಡ್ಡ ಅಳತೆ 17, ಇಳಿಜಾರಿನಲ್ಲಿ 17 ಅಡಿ ಎರಡೂವರೆ ಇಂಚು. ಒಂದು ಹತ್ತಡಿ ಶೀಟು, ಒಂದು ಎಂಟಡಿ ಶೀಟು ತಂದು ಒಂಬತ್ತಿಂಚು ಹತ್ತಿಸಿದರೆ 17 ಅಡಿ ಮೂರಿಂಚು, ಅಳತೆ ಮಾಡಿ ಹೇಳಿದಂತೆ ಕೂರುತ್ತದೆ. ಹತ್ತಡಿಯದು ಕೆಳಗೆ, ಎಂಟಡಿಯದು ಮೇಲೆ ಇರಲಿ. ಒಂದು ಎಚ್ಚರಿಕೆ, ಆ ಸಂದು ಅಡ್ಡ ಪೈಪಿನ ಮೇಲೆಯೇ ಬರಬೇಕು, ಅದಕ್ಕೆ ಸರಿಯಾಗಿ ಆ ಸಾಲಿನ ಪೈಪನ್ನು ಸರಿಸಿಕೊಳ್ಳಿ.

ಸಂದೇ ಬೇಡ ಅನ್ನುವುದಾದರೆ ಹೇಳಿದ ಉದ್ದಕ್ಕೆ ಶೀಟು ಮಾಡಿಕೊಡುವ ಕಡೆ ಹದಿನೇಳೂಕಾಲು ಅಡಿಯ ಒಂದೇ ತುಂಡು ತರಿಸಿ. ನನ್ನ ಮನಸ್ಸು ಆ ಕಡೆಗೇ. ಆದರೆ ನಿಮ್ಮ ಹಿತ್ತಲಿಗೆ ಅಷ್ಟುದ್ದದ ಶೀಟು ಬಗ್ಗದೆ ಹೋಗುತ್ತದೆಯೇ ಅಂತ ಮೊದಲು ನೋಡಿ. ಓಣಿಯ ತಿರುವಿನಲ್ಲಿ ಮಡಿಸಿದ ಶೀಟು ಆಮೇಲೆ ನೆಟ್ಟಗಾಗುವುದಿಲ್ಲ. ಏನೇ ಇರಲಿ, ಆರ್ಡರ್ ಕೊಡುವುದು ಚೌಕಟ್ಟು ನಿಂತ ಮೇಲೆ. ಗೋಡೆಯ ಕಡೆಯ ಪೈಪಿನಿಂದ ಸೂರಿನ ತುದಿಯವರೆಗೆ ಟೇಪನ್ನು ಇಳಿಜಾರಿನ ಮೇಲೇ ಹಿಡಿದು ಅಳೆದರೆ ಯಾವ ಸೂತ್ರವೂ ಬೇಕಿಲ್ಲ. ಎರಡು ತುದಿಯಲ್ಲೂ ನಡುವೆಯೂ ಅಳೆಯಿರಿ, ಮೂರೂ ಒಂದೇ ಬರಬೇಕು.

ಚೌಕಟ್ಟು ನಿಂತ ದಿನವೇ ವಾಟವನ್ನೂ ಪರೀಕ್ಷಿಸಿಬಿಡಿ. ಎರಡಡಿ ಉದ್ದದ ರಸಮಟ್ಟದ ಮೇಲಿನ ತುದಿಯನ್ನು ಇಳಿಜಾರಿನ ಪೈಪಿಗೆ ತಾಗಿಸಿ, ಗುಳ್ಳೆ ನಡುವೆ ಬರುವ ತನಕ ಕೆಳಗಿನ ತುದಿಯನ್ನು ಮೇಲೆತ್ತಿ. ಆಗ ಕೆಳಗಿನ ತುದಿಗೂ ಪೈಪಿಗೂ ನಡುವೆ ನೇರವಾಗಿ ಮೂರೂಮುಕ್ಕಾಲು ಇಂಚು ಅಂತರ ಸಿಗಬೇಕು. ಎರಡೂವರೆ ಇಂಚು ಬಂದರೆ ಎಲ್ಲೋ ಕಂಬದ ಅಳತೆ ತಪ್ಪಿದೆ ಅಂತ ತಿಳಿಯಿರಿ. ಶೀಟು ಹೊದಿಸುವ ಮೊದಲಾದರೆ ವೆಲ್ಡು ಬಿಚ್ಚಿ ಸರಿಮಾಡಲು ಅರ್ಧ ದಿನದ ಕೆಲಸ.

ಹೊದಿಸುವುದನ್ನು ಪೂರ್ವದ ತುದಿಯಿಂದ ಶುರುಮಾಡಿಸಿ. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮ, ನೈರುತ್ಯದಿಂದ. ಪೂರ್ವದಿಂದ ಆರಂಭಿಸಿದರೆ ಪ್ರತಿ ಹೊಸ ಶೀಟೂ ಹಿಂದಿನದರ ಮೇಲೆ ಕೂತು ಅದರ ತೆರೆದ ಅಂಚು ಪೂರ್ವಕ್ಕೆ ಮುಖ ಮಾಡುತ್ತದೆ, ಗಾಳಿ ಸಂದಿನೊಳಗೆ ನುಗ್ಗುವುದಿಲ್ಲ. ಪಶ್ಚಿಮದ ಪಕ್ಕಕ್ಕೆ ಮಾತ್ರ ಐದಡಿ ಎತ್ತರದ ಗೋಡೆ ಅಥವಾ ತಗಡು ಕೊಡಿ. ಅದರ ಮೇಲೆ ತೆರೆದೇ ಇರಲಿ, ಬಿಸಿಗಾಳಿ ಹೋಗಲು ನಿಮಗೆ ಬೇರೆ ದಾರಿಯಿಲ್ಲ.

ಗೋಡೆಗೂ ಶೀಟಿಗೂ ನಡುವಿನ ಸಂದಿಗೆ ಸಿಮೆಂಟು ಮೆತ್ತುವ ಅಭ್ಯಾಸ ಎಲ್ಲ ಕಡೆ ಇದೆ. ನಿಲ್ಲುವುದಿಲ್ಲ. ಬಿಸಿಲಿಗೆ ಶೀಟು ಹಿಗ್ಗಿ ಕುಗ್ಗುವಾಗ ಬಿರುಕು ಬಿಡುತ್ತದೆ. ಗೋಡೆಯಲ್ಲಿ ಮುಕ್ಕಾಲಿಂಚು ಆಳದ ಸೀಳು ಕೊರೆದು, ತಗಡಿನ ಪಟ್ಟಿಯ ಮೇಲಂಚನ್ನು ಅದರೊಳಗೆ ತೂರಿಸಿ, ಕೆಳಂಚನ್ನು ಶೀಟಿನ ಮೇಲೆ ಆರಿಂಚು ಚಾಚಿ ಬಿಡಿ. ಆ ಕೆಳಂಚನ್ನು ಸಿಮೆಂಟಿನಲ್ಲಿ ಮುಚ್ಚುವುದು ಬೇಡ. ತಾರಸಿಯ ಪೈಪನ್ನೂ ಹಾಗೇ ಶೀಟಿನ ಮೇಲೆ ಸುರಿಯಲು ಬಿಡಬೇಡಿ. ಒಂದು ಮೊಣಕೈ ಹಾಕಿ ಗೋಡೆಯ ಉದ್ದಕ್ಕೆ ಪಕ್ಕಕ್ಕೆ ಒಯ್ದು ನೆಲಕ್ಕೆ ಇಳಿಸಿ. ಇಡೀ ತಾರಸಿಯ ನೀರು ಒಂದೇ ಕಡೆ ಧುಮುಕಿದರೆ ಅಲ್ಲಿನ ವಾಷರ್‌ಗಳು ಬೇಗ ಹೋಗುತ್ತವೆ.

ಮುಂದೆ ಬೀಳುವ ನೀರಿಗೆ ಸೂರಿನ ಕೆಳಗೆ ಒಂದು ದೋಣಿ, ಅಂದರೆ ನೀರು ಹಿಡಿಯುವ ಕಾಲುವೆ, ಕಟ್ಟಿಸುವುದಾದರೆ 30 ಅಡಿ ಉದ್ದಕ್ಕೆ ಎರಡೂವರೆ ಇಂಚು ವಾಟ, ಒಂದು ತುದಿಯಲ್ಲಿ ನಾಲ್ಕಿಂಚಿನ ಪೈಪು ಸಾಕು. ನಿಮ್ಮ ಶೆಡ್ಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 47 ಲೀಟರ್ ನೀರು. ಸೆಪ್ಟೆಂಬರ್ ಅಕ್ಟೋಬರಿನ ಒಂದು ದೊಡ್ಡ ಮಳೆ, 50 ಮಿಲಿಮೀಟರ್ ಅನ್ನಿ, ಎರಡು ಸಾವಿರದ ಮುನ್ನೂರು ಲೀಟರ್ ಮೀರುತ್ತದೆ. ತೊಟ್ಟಿ ಇಟ್ಟರೆ ಕೊಟ್ಟಿಗೆ ತೊಳೆಯುವ ನೀರಿಗೆ ಬೇರೆ ಕಡೆ ನೋಡಬೇಕಿಲ್ಲ. ಈ ಲೆಕ್ಕಕ್ಕೆ ನೆಲದ ಮೇಲಿನ ಅಳತೆಯನ್ನೇ ಹಿಡಿಯಬೇಕು. ಶೀಟು ಉದ್ದ ಇದ್ದಷ್ಟಕ್ಕೆ ಮಳೆ ಹೆಚ್ಚು ಬೀಳುವುದಿಲ್ಲ.

ನೀವು ಕೇಳದಿದ್ದರೂ ಒಂದು ಅನುಕೂಲ ಹೇಳಿಬಿಡುತ್ತೇನೆ. ನಿಮ್ಮ ಚಾವಣಿ ದಕ್ಷಿಣಕ್ಕೆ ಇಳಿಯುತ್ತದೆ. ಮಂಡ್ಯ ಇರುವುದು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿ, ಇಲ್ಲಿ ಸೋಲಾರ್ ಫಲಕಗಳನ್ನು ಹೆಚ್ಚುಕಡಿಮೆ ಅಷ್ಟೇ ಓರೆಯಲ್ಲಿ ದಕ್ಷಿಣಕ್ಕೆ ತಿರುಗಿಸಿ ಇಡುತ್ತಾರೆ. ಒಂಬತ್ತು ಡಿಗ್ರಿಯ ಶೀಟಿನ ಮೇಲೆ ಅವನ್ನು ಬೇರೆ ಸ್ಟ್ಯಾಂಡ್ ಇಲ್ಲದೆ ಸಮಾನಾಂತರವಾಗಿಯೇ ಕೂರಿಸಬಹುದು. ಆ ಯೋಚನೆ ಇದ್ದರೆ ಈಗಲೇ ವೆಲ್ಡಿಂಗ್‌ನವರಿಗೆ ಹೇಳಿ, ಪೈಪಿನ ದಪ್ಪ ಬೇರೆಯಾಗುತ್ತದೆ.

ಕೊನೆಗೆ ಆರಡಿ ಮುಂದಕ್ಕೆ ಎಳೆಯುವ ಪ್ರಶ್ನೆ. ಎರಡೂವರೆ ಅಡಿ ಇಳಿತದ ಶೆಡ್ಡನ್ನು ಅದೇ ವಾಟದಲ್ಲಿ ಆರಡಿ ಮುಂದುವರಿಸಿದರೆ ಇನ್ನೂ ಹನ್ನೊಂದಿಂಚು ಇಳಿಯುತ್ತದೆ. ಹೊಸ ಕಂಬದ ಮೇಲೆ ಶೀಟು ಆರಡಿ ಏಳಿಂಚಿಗೆ ಬರುತ್ತದೆ, ಪೈಪಿನ ಐದಿಂಚು ಕಳೆದರೆ ತಲೆಗೆ ತಗಲುವ ಎತ್ತರ. ನಿಜವಾಗಿಯೂ ಎಳೆಯುವ ಯೋಚನೆ ಇದ್ದರೆ ಈಗಲೇ ಹದಿನಾರು ಅಡಿಗೆ ಎರಡಡಿ ಮಾತ್ರ ಇಳಿಸಿ, ಅಂದರೆ ಎಂಟಕ್ಕೊಂದು, ಅಡಿಗೆ ಒಂದೂವರೆ ಇಂಚು. ಈಗ ಮುಂಗಂಬದ ಮೇಲೆ ಎಂಟಡಿ ಇರುತ್ತದೆ, ಇಪ್ಪತ್ತೆರಡು ಅಡಿಗೆ ಎಳೆದಾಗ ಏಳಡಿ ಮೂರಿಂಚು ಉಳಿಯುತ್ತದೆ. ಏಳು ಡಿಗ್ರಿ ಕಲರ್ ಶೀಟಿಗೆ ಸಾಕು. ಆದರೆ ಅಷ್ಟುದ್ದ ಹರಿದು ಬರುವ ನೀರು ಕೆಳಗಿನ ಸಂದಿಗೆ ಬರುವಷ್ಟರಲ್ಲಿ ಹೆಚ್ಚಿರುತ್ತದೆ, ಹಾಗಾಗಿ ಸಂದನ್ನು ಒಂಬತ್ತರ ಬದಲು ಹನ್ನೆರಡಿಂಚು ಹತ್ತಿಸಿ ಒಳಗೆ ಸೀಲಿಂಗ್ ಟೇಪು ಹಾಕಿಸಬೇಕು. ಆಗ ಹತ್ತು ಮತ್ತು ಎಂಟಡಿ ಶೀಟಿನ ಜೋಡಿ ಒಂದೂವರೆ ಇಂಚಿನಷ್ಟು ಕಡಿಮೆ ಬೀಳುತ್ತದೆ, ಸೂರನ್ನು ಅಷ್ಟು ಮೊಟಕು ಮಾಡಿಕೊಂಡರೂ ನಡೆಯುತ್ತದೆ. ಮುಂಗಂಬದ ತಲೆಯ ಮೇಲೆ ಇಳಿಜಾರಿನ ಪೈಪನ್ನು ಎರಡು ಅಡಿ ಆಚೆಗೇ ಬಿಟ್ಟಿರಿ, ಮುಂದೆ ಜೋಡಿಸುವವರಿಗೆ ವೆಲ್ಡು ಹಾಕಲು ಅಲ್ಲಿ ಜಾಗ ಸಿಗುತ್ತದೆ.